ಕನಿಷ್ಠ ವೆಚ್ಚದ ಸಾಗಣೆ: ಪರಿಹಾರ ಇದ್ದೇ ಇದೆ ಎಂದು ಸಾಧಿಸುವ ಹಂತಗಳು

ವೆಚ್ಚವನ್ನು ಎಷ್ಟು ಬೇಕಾದರೂ ಇಳಿಸುತ್ತ ಹೋಗಬಹುದು, ಆದರೆ ಅತಿ ಕಡಿಮೆ ವೆಚ್ಚದ ಪರಿಹಾರ ಎಂಬುದೇ ಇರುವುದಿಲ್ಲ. ಗಣಿತದಲ್ಲಿ ಹೀಗಾಗುವುದುಂಟು. 1870ರಲ್ಲಿ ವೈಯರ್‌ಸ್ಟ್ರಾಸ್ ಇದಕ್ಕೊಂದು ಸರಳ ಉದಾಹರಣೆ ಕೊಟ್ಟರು. −1ರಲ್ಲಿ 0 ಬೆಲೆ, 1ರಲ್ಲಿ 1 ಬೆಲೆ ಇರುವ ನಯವಾದ ಫಂಕ್ಷನ್‌ಗಳನ್ನು ತೆಗೆದುಕೊಳ್ಳಿ. ಪ್ರತಿ ಬಿಂದು ಅ ಯಲ್ಲಿ ಇಳಿಜಾರಿನ ವರ್ಗವನ್ನು ಅ² ದಿಂದ ಗುಣಿಸಿ, −1ರಿಂದ 1ರವರೆಗೆ ಅನುಕಲಿಸಿ. ಈ ಮೊತ್ತವನ್ನು ಕನಿಷ್ಠಗೊಳಿಸಬೇಕು. 0ಯ ಹತ್ತಿರ ಅ² ತೀರಾ ಚಿಕ್ಕದು, ಹಾಗಾಗಿ ಏರಿಕೆಯನ್ನೆಲ್ಲ ಅಲ್ಲೇ ಮುಗಿಸಿದರೆ ಅಗ್ಗ. −0.06ರಿಂದ 0.06ರೊಳಗೆ ನೇರ ಗೆರೆಯಲ್ಲಿ ಏರಿದರೆ ವೆಚ್ಚ 0.01, ಆ ಅಗಲವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ 0.001. ಮೂಲೆಗಳನ್ನು ನಯಗೊಳಿಸಿದರೂ ಲೆಕ್ಕ ಹೆಚ್ಚು ಬದಲಾಗದು. ಆದರೆ ವೆಚ್ಚ ನಿಜಕ್ಕೂ 0 ಆಗಬೇಕಾದರೆ ಇಳಿಜಾರು ಎಲ್ಲೆಡೆ 0 ಆಗಬೇಕು, ಆಗ ಫಂಕ್ಷನ್ 0ಯಿಂದ 1ಕ್ಕೆ ಏರುವುದೇ ಇಲ್ಲ.

ಆದ್ದರಿಂದ ಕನಿಷ್ಠವನ್ನು ಹುಡುಕುವ ಮೊದಲು ಅದು ಇದೆಯೇ ಎಂದು ಸಾಧಿಸಬೇಕು. ಈ ಸಾಧನೆಯ ವಿಧಾನ ಕಲಿಯಲು ಸಾಗಣೆಯ ಸಮಸ್ಯೆಗಿಂತ ಒಳ್ಳೆಯ ಜಾಗ ನಮಗೆ ಕಂಡಿಲ್ಲ. ವಿಧಾನದ ಪ್ರತಿ ಕೀಲೂ ಇಲ್ಲಿ ಕಣ್ಣಿಗೆ ಬೀಳುತ್ತದೆ, ಯಾವ ಕೀಲು ಕಳಚಿದರೆ ಏನಾಗುತ್ತದೆ ಎಂಬುದನ್ನೂ ಕೈಯಾರೆ ಲೆಕ್ಕ ಹಾಕಿ ನೋಡಬಹುದು. ಪದವಿ ಮಟ್ಟದ ವಿಶ್ಲೇಷಣೆ ಮತ್ತು ಮೆಷರ್ ಸಿದ್ಧಾಂತದ ಪರಿಚಯ ಇರುವವರಿಗಾಗಿ ಈ ಲೇಖನ.

ಹಂತ 1: ಹುಡುಕುವ ಗಣವನ್ನು ಸರಿಯಾಗಿ ಆರಿಸಿ

ಗಾಸ್ಪಾರ್ ಮೊಂಜ್ 1781ರಲ್ಲಿ ಎತ್ತಿದ ಪ್ರಶ್ನೆ ಹೀಗಿದೆ. ಒಂದು ಕಡೆ ಅಗೆದ ಮಣ್ಣನ್ನು ಇನ್ನೊಂದು ಕಡೆ ತುಂಬಬೇಕು. ಯಾವ ಕಣವನ್ನು ಎಲ್ಲಿಗೆ ಒಯ್ದರೆ, ಒಯ್ದ ದೂರದ ಒಟ್ಟು ಮೊತ್ತ ಅತಿ ಕಡಿಮೆಯಾಗುತ್ತದೆ? ಇಂದಿನ ಭಾಷೆಯಲ್ಲಿ ಮ್ಯೂ ಎಂಬುದು ಮೂಲದ ಹಂಚಿಕೆ, ನ್ಯೂ ಎಂಬುದು ಗುರಿಯ ಹಂಚಿಕೆ, ಎರಡರ ಒಟ್ಟು ದ್ರವ್ಯವೂ 1. ಬಿಂದು ಅ ಯಿಂದ ಬಿಂದು ಬ ಗೆ ಒಯ್ಯಲು ತಗಲುವ ವೆಚ್ಚ ವೆ(ಅ, ಬ). ಪ್ರತಿ ಅ ಗೂ ಒಂದೇ ಒಂದು ಬ ನಿಗದಿಪಡಿಸುವ, ಮ್ಯೂ ಹಂಚಿಕೆಯನ್ನು ನ್ಯೂ ಹಂಚಿಕೆಯಾಗಿ ಮಾರ್ಪಡಿಸುವ ನಕ್ಷೆ ಬೇಕು.

ಮೊಂಜ್ ಅವರ ಈ ಗಣದಲ್ಲಿ ಮೂರು ಬಗೆಯ ತೊಂದರೆಗಳಿವೆ. ಮೊದಲನೆಯದು, ಗಣವೇ ಖಾಲಿ ಇರಬಹುದು. ಮೂಲದ ದ್ರವ್ಯವೆಲ್ಲ ಒಂದೇ ಬಿಂದುವಿನಲ್ಲಿದ್ದು, ಗುರಿಯಲ್ಲಿ ಎರಡು ಬಿಂದುಗಳಿಗೆ ಅರ್ಧರ್ಧ ಬೇಕಿದ್ದರೆ ನಕ್ಷೆ ಅದನ್ನು ಒಡೆಯಲಾರದು.

ಎರಡನೆಯದು, ಗಣ ಖಾಲಿಯಲ್ಲದಿದ್ದರೂ ಕನಿಷ್ಠ ಸಿಗದಿರಬಹುದು. ಸಮತಲದಲ್ಲಿ 1 ಉದ್ದದ ಲಂಬ ರೇಖಾಖಂಡದ ಮೇಲೆ ದ್ರವ್ಯ ಸಮನಾಗಿ ಹರಡಿದೆ. ಅದರ ಎಡಕ್ಕೆ 1 ದೂರದಲ್ಲೊಂದು, ಬಲಕ್ಕೆ 1 ದೂರದಲ್ಲೊಂದು ಅಷ್ಟೇ ಉದ್ದದ ಸಮಾಂತರ ಖಂಡಗಳಿದ್ದು, ಒಂದೊಂದಕ್ಕೂ ಅರ್ಧ ದ್ರವ್ಯ ಹೋಗಬೇಕು. ವೆಚ್ಚ ಎಂದರೆ ದೂರ. ಮಧ್ಯದ ಖಂಡವನ್ನು 20 ಸಮಭಾಗ ಮಾಡಿ, ಎರಡೆರಡು ಭಾಗಗಳನ್ನು ಜೋಡಿ ಮಾಡಿಕೊಳ್ಳಿ. ಜೋಡಿಯ ಮೊದಲ ಭಾಗವನ್ನು ಎರಡು ಪಟ್ಟು ಹಿಗ್ಗಿಸಿ ಎಡಕ್ಕೂ, ಎರಡನೆಯದನ್ನು ಹಾಗೆಯೇ ಹಿಗ್ಗಿಸಿ ಬಲಕ್ಕೂ ಕಳುಹಿಸಿ. ಯಾವ ಬಿಂದುವೂ ಮೇಲೆ ಕೆಳಗೆ 0.05ಕ್ಕಿಂತ ಹೆಚ್ಚು ಸರಿಯುವುದಿಲ್ಲ, ಹಾಗಾಗಿ ಒಟ್ಟು ವೆಚ್ಚ 1.0025ರ ವರ್ಗಮೂಲವನ್ನು, ಅಂದರೆ ಸುಮಾರು 1.00125ನ್ನು, ಮೀರದು. ಭಾಗಗಳನ್ನು ಹೆಚ್ಚಿಸಿದಷ್ಟೂ ವೆಚ್ಚ 1ರತ್ತ ಇಳಿಯುತ್ತದೆ. 1ನ್ನು ಮುಟ್ಟಬೇಕಾದರೆ ಪ್ರತಿ ಬಿಂದುವೂ ಅಡ್ಡಡ್ಡವಾಗಿ ನೇರ ಹೋಗಬೇಕು. ಆಗ ಎಡಕ್ಕೆ ಹೋದ ದ್ರವ್ಯ ಹೋದ ಜಾಗದಲ್ಲೆಲ್ಲ ಪೂರ್ಣ ಸಾಂದ್ರತೆಯಲ್ಲಿ ಬೀಳುತ್ತದೆ, ಅರ್ಧ ಸಾಂದ್ರತೆಯಲ್ಲಿ ಬೀಳದು. ಹಾಗಾಗಿ ಇನ್ಫಿಮಮ್ 1 ಆದರೂ ಅದನ್ನು ಕೊಡುವ ನಕ್ಷೆ ಇಲ್ಲ.

ಮೂರನೆಯದೇ ಮೂಲ ಕಾರಣ: ಲಿಮಿಟ್ ತೆಗೆದುಕೊಂಡಾಗ ನಿಬಂಧನೆ ಉಳಿಯುವುದಿಲ್ಲ. 0ಯಿಂದ 1ರವರೆಗಿನ ಖಂಡವನ್ನು ಸಣ್ಣ ಸಣ್ಣ ಸಮಭಾಗ ಮಾಡಿ, ಒಂದನ್ನು 1ಕ್ಕೆ, ಮುಂದಿನದನ್ನು −1ಕ್ಕೆ, ಹೀಗೆ ಒಂದು ಬಿಟ್ಟು ಒಂದನ್ನು ಕಳುಹಿಸಿ. ಪ್ರತಿ ನಕ್ಷೆಯೂ ಅರ್ಧ ದ್ರವ್ಯವನ್ನು 1ರಲ್ಲೂ ಅರ್ಧವನ್ನು −1ರಲ್ಲೂ ಇಡುತ್ತದೆ. ಭಾಗಗಳು ಚಿಕ್ಕದಾಗುತ್ತ ಹೋದಂತೆ ಈ ಫಂಕ್ಷನ್‌ಗಳ ದುರ್ಬಲ ಲಿಮಿಟ್ (ಸಣ್ಣ ಸಣ್ಣ ತುಂಡುಗಳ ಮೇಲಿನ ಸರಾಸರಿಗಳ ಲಿಮಿಟ್) 0. ಲಿಮಿಟ್ ನಕ್ಷೆ ದ್ರವ್ಯವನ್ನೆಲ್ಲ ಒಯ್ದು, ಯಾರೂ ಕೇಳದ 0 ಬಿಂದುವಿನಲ್ಲಿ ಸುರಿಯುತ್ತದೆ.

ಇದಕ್ಕೆ ಮದ್ದು ಕೊಟ್ಟವರು ಲಿಯೊನಿದ್ ಕಾಂಟೊರೊವಿಚ್, 1942ರಲ್ಲಿ. ನಕ್ಷೆಯನ್ನು ಬಿಟ್ಟು ಯೋಜನೆಯನ್ನು ಹುಡುಕಿ. ಯೋಜನೆ ಗಾಮಾ ಎಂದರೆ ಅ, ಬ ಜೋಡಿಗಳ ಮೇಲಿನ ಒಂದು ಸಂಭವನೀಯತಾ ಮೆಷರ್: ಅ ಯಿಂದ ಬ ಗೆ ಎಷ್ಟು ದ್ರವ್ಯ ಹೋಗುತ್ತದೆ ಎಂಬ ಲೆಕ್ಕ. ಅದರ ಮೊದಲ ಅಂಚು (ಅ ಗಳನ್ನಷ್ಟೇ ನೋಡಿದಾಗ ಸಿಗುವ ಹಂಚಿಕೆ) ಮ್ಯೂ, ಎರಡನೆಯ ಅಂಚು (ಬ ಗಳನ್ನಷ್ಟೇ ನೋಡಿದಾಗ ಸಿಗುವುದು) ನ್ಯೂ ಆಗಿರಬೇಕು, ಅಷ್ಟೇ. ಒಂದು ಬಿಂದುವಿನ ದ್ರವ್ಯ ಒಡೆದು ಹಲವೆಡೆ ಹೋಗಬಹುದು. ಮೇಲಿನ ಉದಾಹರಣೆಯ ನಕ್ಷೆಗಳನ್ನು ಯೋಜನೆಗಳೆಂದು ನೋಡಿದರೆ ಅವುಗಳ ಲಿಮಿಟ್ ಅಚ್ಚುಕಟ್ಟಾಗಿ ಸಿಗುತ್ತದೆ: ಪ್ರತಿ ಬಿಂದುವಿನಿಂದ ಅರ್ಧ 1ಕ್ಕೆ, ಅರ್ಧ −1ಕ್ಕೆ. ನಿಬಂಧನೆಯೂ ಉಳಿಯಿತು, ಮಾಹಿತಿಯೂ ಉಳಿಯಿತು.

ಹಂತ 2: ಮೊದಲು ಕೋಷ್ಟಕದಲ್ಲಿ ಮಾಡಿ ನೋಡಿ

ಎರಡು ಮೂಲಗಳಲ್ಲಿ 30 ಮತ್ತು 20 ಟನ್ ಇವೆ. ಮೂರು ಗುರಿಗಳಿಗೆ 25, 15, 10 ಟನ್ ಬೇಕು. ಮೂಲ 1ರಿಂದ ಮೂರು ಗುರಿಗಳಿಗೆ ಟನ್ನಿಗೆ ವೆಚ್ಚ ಕ್ರಮವಾಗಿ 4, 6, 9. ಮೂಲ 2ರಿಂದ 5, 3, 8. ಯೋಜನೆ ಎಂದರೆ 2 ಅಡ್ಡಸಾಲು, 3 ಕಂಬಸಾಲುಗಳ ಒಂದು ಕೋಷ್ಟಕ. ಯಾವ ಸಂಖ್ಯೆಯೂ ಋಣವಾಗಿರಬಾರದು, ಸಾಲುಗಳ ಮೊತ್ತ ಸರಿಹೊಂದಬೇಕು.

ಗಣ ಖಾಲಿಯಲ್ಲ: ಪ್ರತಿ ಮೂಲವೂ ತನ್ನ ಸರಕನ್ನು ಬೇಡಿಕೆಯ ಅನುಪಾತದಲ್ಲೇ ಹಂಚಲಿ. ಮೂಲ 1ರಿಂದ 15, 9, 6. ಮೂಲ 2ರಿಂದ 10, 6, 4. ವೆಚ್ಚ 268. ಇಂಥ ಕೋಷ್ಟಕಗಳ ಗಣ 6 ಆಯಾಮದಲ್ಲಿ ಮುಚ್ಚಿದ, ಪರಿಮಿತ ಗಣ, ಹಾಗಾಗಿ ಕಾಂಪ್ಯಾಕ್ಟ್. ವೆಚ್ಚ ರೇಖೀಯ, ಹಾಗಾಗಿ ಅವಿಚ್ಛಿನ್ನ. ಕಾಂಪ್ಯಾಕ್ಟ್ ಗಣದ ಮೇಲೆ ಅವಿಚ್ಛಿನ್ನ ಫಂಕ್ಷನ್ ಕನಿಷ್ಠವನ್ನು ಮುಟ್ಟಿಯೇ ಮುಟ್ಟುತ್ತದೆ. ಇರುವಿಕೆಯ ಸಾಧನೆ ಇಲ್ಲಿಗೆ ಮುಗಿಯಿತು. ಮುಂದಿನ ಹಂತಗಳೆಲ್ಲ ಇದನ್ನೇ ಅನಂತ ಆಯಾಮಕ್ಕೆ ಒಯ್ಯುವ ಕೆಲಸ.

ಕನಿಷ್ಠ ಯಾವುದು ಎಂಬುದನ್ನೂ ನೋಡಿಬಿಡೋಣ. ಮೂಲ 1ರಿಂದ 25, 0, 5. ಮೂಲ 2ರಿಂದ 0, 15, 5. ವೆಚ್ಚ 100 + 45 + 45 + 40 = 230. ಇದಕ್ಕಿಂತ ಕಡಿಮೆ ಸಾಧ್ಯವಿಲ್ಲ ಎನ್ನಲು ಪ್ರಮಾಣಪತ್ರ ಬೇಕು. ಮೂಲಗಳಿಗೆ 0, −1 ಎಂದೂ ಗುರಿಗಳಿಗೆ 4, 4, 9 ಎಂದೂ ದರ ಕಟ್ಟಿ. ಯಾವ ಜೋಡಿಯಲ್ಲೂ ಎರಡು ದರಗಳ ಮೊತ್ತ ಆ ಜೋಡಿಯ ವೆಚ್ಚವನ್ನು ಮೀರುವುದಿಲ್ಲ. ಆರನ್ನೂ ನೀವೇ ಪರೀಕ್ಷಿಸಿ. ಹಾಗಾಗಿ ಯಾವುದೇ ಯೋಜನೆಯ ವೆಚ್ಚ ಕನಿಷ್ಠಪಕ್ಷ 0×30 − 1×20 + 4×25 + 4×15 + 9×10 = 230. ಕಾಂಟೊರೊವಿಚ್ ಅವರ ದ್ವಂದ್ವ ಸಮಸ್ಯೆ ಎಂದರೆ ಇದೇ: ವೆಚ್ಚವನ್ನು ಮೀರದ ದರಗಳಲ್ಲಿ ಅತಿ ಹೆಚ್ಚು ಮೊತ್ತ ಕೊಡುವುದನ್ನು ಹುಡುಕುವುದು.

ಹಂತ 3: ಇನ್ಫಿಮಮ್‌ಗೆ ಅರ್ಥವಿದೆಯೇ ನೋಡಿ

ಇನ್ನು ಸಾಮಾನ್ಯ ಸಂದರ್ಭ. ಎರಡೂ ಕಡೆ ಪೋಲಿಷ್ ಸ್ಪೇಸ್ ಇರಲಿ, ಅಂದರೆ ಎಣಿಸಬಹುದಾದ ದಟ್ಟ ಉಪಗಣವಿರುವ, ಸಂಪೂರ್ಣ ಮೆಟ್ರಿಕ್ ಸ್ಪೇಸ್. ಯೂಕ್ಲಿಡ್ ಸ್ಪೇಸ್ ಎಂದುಕೊಂಡರೂ ಸಾಕು. ಮ್ಯೂ, ನ್ಯೂ ಎರಡರ ಗುಣಲಬ್ಧ ಮೆಷರ್ ಯಾವಾಗಲೂ ಒಂದು ಯೋಜನೆ, ಆದ್ದರಿಂದ ಗಣ ಖಾಲಿಯಲ್ಲ. ವೆಚ್ಚ 0ಗಿಂತ ಕೆಳಗಿಳಿಯದಿದ್ದರೆ ಇನ್ಫಿಮಮ್ ಕೂಡ ಇಳಿಯದು.

ಇಲ್ಲಿ ಅವಸರ ಬೇಡ. ವೆಚ್ಚ ಋಣವಾಗಬಹುದಾದರೆ, ಉದಾಹರಣೆಗೆ ಅ ಮತ್ತು ಬ ಗಳ ಒಳಗುಣಲಬ್ಧದ ಋಣ ಬೆಲೆಯಾಗಿದ್ದರೆ, ಕೆಳಗಿನಿಂದ ಆಸರೆ ತೋರಿಸಬೇಕು. ಆ ವೆಚ್ಚ ಯಾವಾಗಲೂ −|ಅ|²/2 − |ಬ|²/2 ಗಿಂತ ಕಡಿಮೆಯಾಗದು. ಎರಡೂ ಹಂಚಿಕೆಗಳಿಗೆ ಪರಿಮಿತ ಎರಡನೇ ಮೊಮೆಂಟ್ (0ಯಿಂದಿರುವ ದೂರದ ವರ್ಗದ ಅನುಕಲ) ಇದ್ದರೆ ಆಸರೆ ಸಿಕ್ಕಂತೆ. ಇನ್ನೊಂದು ತುದಿಯನ್ನೂ ಗಮನಿಸಿ. ಎಲ್ಲ ಯೋಜನೆಗಳ ವೆಚ್ಚವೂ ಅನಂತವಾಗಿದ್ದರೆ ಪ್ರತಿಯೊಂದೂ ಕನಿಷ್ಠವೇ, ಪ್ರಮೇಯ ನಿಜವಾದರೂ ನಿರರ್ಥಕ. ಮೂಲವೆಲ್ಲ 0 ಬಿಂದುವಿನಲ್ಲಿದ್ದು, ಗುರಿ ಕೋಶಿ ಹಂಚಿಕೆಯಾಗಿದ್ದು, ವೆಚ್ಚ ದೂರದ ವರ್ಗವಾದರೆ ಹೀಗೇ ಆಗುತ್ತದೆ. ಎರಡನೇ ಮೊಮೆಂಟ್‌ಗಳು ಪರಿಮಿತವಾಗಿದ್ದರೆ |ಅ − ಬ|² ≤ 2|ಅ|² + 2|ಬ|² ಎಂಬ ಅಸಮತೆ ಸಾಕು.

ಹಂತ 4: ಕನಿಷ್ಠದತ್ತ ಸಾಗುವ ಶ್ರೇಢಿ, ಅದಕ್ಕೊಂದು ಲಿಮಿಟ್

ಇನ್ಫಿಮಮ್‌ನ ವ್ಯಾಖ್ಯೆಯಿಂದಲೇ, ಅದರತ್ತ ವೆಚ್ಚ ಇಳಿಯುತ್ತ ಹೋಗುವ ಯೋಜನೆಗಳ ಶ್ರೇಢಿ ಗಾಮಾ 1, ಗಾಮಾ 2, ಗಾಮಾ 3… ಸಿಗುತ್ತದೆ. ಈ ಶ್ರೇಢಿ ಒಮ್ಮುಖವಾಗಬೇಕೆಂದಿಲ್ಲ. ಅದರ ಒಂದು ಉಪಶ್ರೇಢಿಯಾದರೂ ಒಮ್ಮುಖವಾಗುವಂತೆ ಮಾಡಬೇಕು.

ಇದಕ್ಕೆ ಬೇಕಾದ ಗುಣ ಬಿಗಿತ: ಯಾವ ಯೋಜನೆಯ ದ್ರವ್ಯವೂ ಅನಂತದ ಕಡೆಗೆ ಸೋರಿ ಹೋಗಬಾರದು. ಪೋಲಿಷ್ ಸ್ಪೇಸ್‌ನಲ್ಲಿ ಒಂಟಿ ಸಂಭವನೀಯತಾ ಮೆಷರ್ ಎಂದಿಗೂ ಬಿಗಿಯೇ. ಹಾಗಾಗಿ ಎಪ್ಸಿಲಾನ್ ಎಷ್ಟೇ ಚಿಕ್ಕದಿರಲಿ, ಮ್ಯೂ ದ್ರವ್ಯದಲ್ಲಿ ಎಪ್ಸಿಲಾನ್‌ನ ಅರ್ಧಕ್ಕಿಂತ ಹೆಚ್ಚು ಹೊರಗುಳಿಯದ ಕಾಂಪ್ಯಾಕ್ಟ್ ಗಣ ಒಂದಿದೆ, ನ್ಯೂ ಹಂಚಿಕೆಗೂ ಅಂಥದೊಂದಿದೆ. ಈಗ ಯಾವುದೇ ಯೋಜನೆ ತೆಗೆದುಕೊಳ್ಳಿ. ಈ ಎರಡರ ಗುಣಲಬ್ಧದ ಹೊರಗೆ ಬೀಳುವ ಜೋಡಿಯಲ್ಲಿ ಒಂದೋ ಅ ಮೊದಲ ಗಣದ ಹೊರಗಿದೆ, ಇಲ್ಲವೇ ಬ ಎರಡನೆಯದರ ಹೊರಗಿದೆ. ಅಂಚುಗಳು ನಿಗದಿಯಾಗಿರುವುದರಿಂದ ಹೊರಗಿನ ಒಟ್ಟು ದ್ರವ್ಯ ಎಪ್ಸಿಲಾನ್ ಮೀರದು. ಯೋಜನೆ ಯಾವುದೆಂದು ಕೇಳುವ ಅಗತ್ಯವೇ ಬೀಳಲಿಲ್ಲ, ಎಲ್ಲಕ್ಕೂ ಅದೇ ಕಾಂಪ್ಯಾಕ್ಟ್ ಗಣ ನಡೆಯುತ್ತದೆ. ಪ್ರೊಖೊರೋವ್ 1956ರಲ್ಲಿ ಸಾಧಿಸಿದ ಪ್ರಮೇಯ ಉಳಿದ ಕೆಲಸ ಮಾಡುತ್ತದೆ: ಬಿಗಿಯಾದ ಗುಂಪಿನ ಪ್ರತಿ ಶ್ರೇಢಿಗೂ ದುರ್ಬಲವಾಗಿ ಒಮ್ಮುಖವಾಗುವ ಉಪಶ್ರೇಢಿ ಇದೆ. ದುರ್ಬಲವಾಗಿ ಎಂದರೆ ಪ್ರತಿ ಪರಿಮಿತ, ಅವಿಚ್ಛಿನ್ನ ಫಂಕ್ಷನ್ನಿನ ಅನುಕಲವೂ ಲಿಮಿಟ್ ಮೆಷರ್‌ನಲ್ಲಿನ ಅನುಕಲದತ್ತ ಸಾಗುತ್ತದೆ. ಅದರ ಲಿಮಿಟನ್ನು ಗಾಮಾ ಎನ್ನೋಣ.

ಗುರಿಯ ಅಂಚನ್ನು ನಿಗದಿ ಮಾಡದೆ ಬಿಟ್ಟಿದ್ದರೆ ಏನಾಗುತ್ತಿತ್ತು? ಗುರಿ ಧನ ಸಂಖ್ಯೆಗಳ ರೇಖೆಯಾಗಿದ್ದು, ವೆಚ್ಚ 1/(1 + ಬ) ಆಗಿದ್ದರೆ ದ್ರವ್ಯವನ್ನು ದೂರ ದೂರಕ್ಕೆ ತಳ್ಳಿದಷ್ಟೂ ಅಗ್ಗ. ಇನ್ಫಿಮಮ್ 0, ಅದನ್ನು ಮುಟ್ಟುವ ಯೋಜನೆ ಇಲ್ಲ. ಬಿಗಿತ ಕೇವಲ ತಾಂತ್ರಿಕ ಶಿಷ್ಟಾಚಾರ ಅಲ್ಲ ಎಂಬುದಕ್ಕೆ ಇಷ್ಟು ಸಾಕು.

ಹಂತ 5: ಲಿಮಿಟ್ ಕೂಡ ಯೋಜನೆಯೇ?

ಇದನ್ನು ಬರೆಯದೆ ಬಿಡುವವರು ಬಹಳ. ಎರಡೇ ಸಾಲಿನ ಕೆಲಸ, ಆದರೆ ಮೊಂಜ್ ಅವರ ಗಣ ಮುರಿದುಬಿದ್ದದ್ದು ಸರಿಯಾಗಿ ಇದೇ ಜಾಗದಲ್ಲಿ. ಅ ಯನ್ನು ಮಾತ್ರ ಅವಲಂಬಿಸುವ ಪರಿಮಿತ, ಅವಿಚ್ಛಿನ್ನ ಫಂಕ್ಷನ್ ತೆಗೆದುಕೊಳ್ಳಿ. ಶ್ರೇಢಿಯ ಪ್ರತಿ ಯೋಜನೆಯಲ್ಲೂ ಅದರ ಅನುಕಲ ಮ್ಯೂ ಹಂಚಿಕೆಯಲ್ಲಿನ ಅನುಕಲಕ್ಕೆ ಸಮ. ದುರ್ಬಲ ಒಮ್ಮುಖತೆಯ ವ್ಯಾಖ್ಯೆಯ ಪ್ರಕಾರ ಲಿಮಿಟ್‌ನಲ್ಲೂ ಸಮ. ಇಂಥ ಎಲ್ಲ ಫಂಕ್ಷನ್‌ಗಳಿಗೂ ಇದು ನಿಜವಾದ್ದರಿಂದ ಮೊದಲ ಅಂಚು ಮ್ಯೂ. ಬ ಗೆ ಹೀಗೆಯೇ ಮಾಡಿದರೆ ಎರಡನೆಯದು ನ್ಯೂ.

ಹಂತ 6: ಲಿಮಿಟ್‌ನಲ್ಲಿ ವೆಚ್ಚ ಮೇಲಕ್ಕೆ ಜಿಗಿಯುವುದಿಲ್ಲ ಎಂದು ತೋರಿಸಿ

ಇಲ್ಲಿ ಬೇಕಾದ ಷರತ್ತಿಗೆ ಲೋವರ್ ಸೆಮಿಕಂಟಿನ್ಯುಯಿಟಿ ಎನ್ನುತ್ತಾರೆ. ಜೋಡಿಗಳ ಶ್ರೇಢಿಯೊಂದು ಒಂದು ಜೋಡಿಯತ್ತ ಸಾಗಿದಾಗ, ಆ ಜೋಡಿಯಲ್ಲಿನ ವೆಚ್ಚ ದಾರಿಯ ವೆಚ್ಚಗಳ ಕೆಳ ಲಿಮಿಟ್ ಅನ್ನು ಮೀರಬಾರದು. ಕೆಳಕ್ಕೆ ಜಿಗಿದರೆ ಅಡ್ಡಿಯಿಲ್ಲ. ನಮಗೆ ಅವಿಚ್ಛಿನ್ನತೆ ಬೇಕಿಲ್ಲ, ವೆಚ್ಚ ಕೆಲವೆಡೆ ಅನಂತವಾಗಿದ್ದರೂ ನಡೆಯುತ್ತದೆ. ಕೆಲವು ದಾರಿಗಳನ್ನು ಪೂರ್ತಿ ನಿಷೇಧಿಸಿದ ಸಮಸ್ಯೆಗಳು ಹೀಗೆ ಒಳಗೆ ಬರುತ್ತವೆ.

ಸಾಧನೆ ಹೀಗೆ ಸಾಗುತ್ತದೆ. ವೆಚ್ಚವನ್ನು ಮೊದಲು ಕ ಎಂಬ ಎತ್ತರದಲ್ಲಿ ಕತ್ತರಿಸಿ. ಆಮೇಲೆ ಪ್ರತಿ ಜೋಡಿಯಲ್ಲಿ, ‘ಬೇರೊಂದು ಜೋಡಿಯ ಕತ್ತರಿಸಿದ ವೆಚ್ಚ + ಕ ಪಟ್ಟು ಅದಕ್ಕಿರುವ ದೂರ’ ಎಂಬುದರ ಇನ್ಫಿಮಮ್ ತೆಗೆದುಕೊಳ್ಳಿ. ಸಿಗುವ ಫಂಕ್ಷನ್ ಪರಿಮಿತ, ಲಿಪ್‌ಶಿಟ್ಸ್, ಮೂಲ ವೆಚ್ಚವನ್ನು ಮೀರದ್ದು. ಕ ಹೆಚ್ಚಿದಂತೆ ಅದು ಏರುತ್ತ ಮೂಲ ವೆಚ್ಚವನ್ನೇ ಮುಟ್ಟುತ್ತದೆ. ಕ ಯನ್ನು ನಿಲ್ಲಿಸಿಕೊಂಡು ಶ್ರೇಢಿಯ ಲಿಮಿಟ್ ತೆಗೆಯಿರಿ: ಈ ಅಂದಾಜು ವೆಚ್ಚ ಗಾಮಾ ಯೋಜನೆಯಲ್ಲಿ ಇನ್ಫಿಮಮ್ ಮೀರದು. ಆಮೇಲೆ ಕ ಯನ್ನು ಅನಂತಕ್ಕೆ ಬಿಡಿ. ಏರುವ ಫಂಕ್ಷನ್‌ಗಳ ಅನುಕಲಗಳ ಬಗೆಗಿನ ಮೊನೊಟೋನ್ ಕನ್ವರ್ಜೆನ್ಸ್ ಪ್ರಮೇಯದಿಂದ ನಿಜ ವೆಚ್ಚವೂ ಇನ್ಫಿಮಮ್ ಮೀರದು. ಗಾಮಾ ಒಂದು ಯೋಜನೆ ಎಂದು ಹಂತ 5ರಲ್ಲೇ ತಿಳಿದಿದೆ, ಹಾಗಾಗಿ ಅದೇ ಕನಿಷ್ಠ. ಎರಡು ಲಿಮಿಟ್‌ಗಳ ಕ್ರಮವನ್ನು ಅದಲುಬದಲು ಮಾಡಬೇಡಿ: ಮೊದಲು ಶ್ರೇಢಿ, ಆಮೇಲೆ ಕ.

ಷರತ್ತು ಮುರಿದಾಗ ಏನಾಗುತ್ತದೆ ಎಂಬುದಕ್ಕೂ ಲೆಕ್ಕ ಇದೆ. ಮ್ಯೂ, ನ್ಯೂ ಎರಡೂ 0ಯಿಂದ 1ರವರೆಗಿನ ಸಮ ಹಂಚಿಕೆ. ವೆಚ್ಚ |ಅ − ಬ|, ಆದರೆ ಅ = ಬ ಆದಾಗ ಮಾತ್ರ 1. ಅಂದರೆ ಕದಲದೆ ನಿಂತರೆ ದಂಡ. ಪ್ರತಿ ಬಿಂದುವನ್ನೂ 0.01ರಷ್ಟು ಮುಂದೆ ತಳ್ಳಿ, ತುದಿ ದಾಟಿದ್ದನ್ನು ಆರಂಭಕ್ಕೆ ತನ್ನಿ. ವೆಚ್ಚ 0.99×0.01 + 0.01×0.99 = 0.0198. ತಳ್ಳುವುದನ್ನು ಕಡಿಮೆ ಮಾಡಿದಂತೆ ಇದು 0ಯತ್ತ ಹೋಗುತ್ತದೆ. ಆದರೆ ವೆಚ್ಚ ಎಲ್ಲ ಜೋಡಿಗಳಲ್ಲೂ ಧನ, ಯಾವ ಯೋಜನೆಯ ಮೊತ್ತವೂ 0 ಆಗದು. ಲಿಮಿಟ್ ಯೋಜನೆ ಎಲ್ಲವನ್ನೂ ಇದ್ದಲ್ಲೇ ಬಿಡುತ್ತದೆ, ಅದರ ವೆಚ್ಚ 1! ಬಿಗಿತ ಇತ್ತು, ಅಂಚುಗಳು ಉಳಿದವು, ಈ ಒಂದು ಷರತ್ತು ಮಾತ್ರ ಇರಲಿಲ್ಲ.

ಹಂತ 7: ಯೋಜನೆಯಿಂದ ನಕ್ಷೆಗೆ ಮರಳಿ

ಇಷ್ಟರಿಂದ ಸಿಕ್ಕಿದ್ದು ಸಡಿಲಿಸಿದ ಸಮಸ್ಯೆಯ ಪರಿಹಾರ. ಮೊಂಜ್ ಕೇಳಿದ್ದು ನಕ್ಷೆ. ವೆಚ್ಚ ದೂರದ ವರ್ಗವಾಗಿದ್ದು, ಮ್ಯೂ ಹಂಚಿಕೆಗೆ ಸಾಂದ್ರತೆ ಇದ್ದು, ಎರಡನೇ ಮೊಮೆಂಟ್‌ಗಳು ಪರಿಮಿತವಾಗಿದ್ದರೆ ನಕ್ಷೆಯೇ ಸಿಗುತ್ತದೆ. ಈ ಪ್ರಮೇಯ ಯಾನ್ ಬ್ರೆನಿಯೆ ಅವರದು, 1987ರಲ್ಲಿ ಪ್ರಕಟಣೆ, 1991ರಲ್ಲಿ ಪೂರ್ಣ ವಿವರ.

ಸಾಧನೆಯ ಮೊದಲ ಕೀಲು ಅದಲುಬದಲು. ಕನಿಷ್ಠ ಯೋಜನೆಯಲ್ಲಿ ದ್ರವ್ಯ ಹೊತ್ತ ಎಷ್ಟೇ ಜೋಡಿಗಳನ್ನು ತೆಗೆದುಕೊಂಡರೂ, ಅವುಗಳ ಗುರಿಗಳನ್ನು ವರ್ತುಲವಾಗಿ ಬದಲಿಸಿದರೆ ವೆಚ್ಚ ಇಳಿಯಬಾರದು. ಇಳಿದರೆ ಸ್ವಲ್ಪ ದ್ರವ್ಯವನ್ನು ಹಾಗೆ ಬದಲಿಸಿ ಇನ್ನೂ ಅಗ್ಗದ ಯೋಜನೆ ಕಟ್ಟಬಹುದಿತ್ತು. ಎರಡು ಜೋಡಿಗಳ ಬದಲಾವಣೆಯನ್ನಷ್ಟೇ ಪರೀಕ್ಷಿಸಿ ನಿಲ್ಲಿಸುವುದು ಇಲ್ಲಿ ಸಾಮಾನ್ಯ ತಪ್ಪು. ಸಮತಲದ ವೃತ್ತಾಕಾರದ ತಟ್ಟೆಯನ್ನು 90 ಡಿಗ್ರಿ ತಿರುಗಿಸುವ ನಕ್ಷೆ ಎರಡರ ಪರೀಕ್ಷೆಯನ್ನು ಪಾಸಾಗುತ್ತದೆ, ವೆಚ್ಚ ಹೆಚ್ಚುವುದೂ ಇಲ್ಲ, ಇಳಿಯುವುದೂ ಇಲ್ಲ. ಆದರೆ ತಟ್ಟೆಯನ್ನು ಇದ್ದಂತೆ ಬಿಟ್ಟರೆ ವೆಚ್ಚ 0. ಮೂರು ಬಿಂದುಗಳನ್ನು ಸರಿಯಾದ ದಿಕ್ಕಿನಲ್ಲಿ ಬದಲಿಸಿ ನೋಡಿದಾಗ ದೋಷ ಹೊರಬೀಳುತ್ತದೆ.

ವರ್ತುಲದ ಷರತ್ತು ಪೂರ್ತಿ ಸಿಕ್ಕರೆ, ರಾಕಫೆಲರ್ ಅವರ ಪ್ರಮೇಯದ ಪ್ರಕಾರ ಆ ಜೋಡಿಗಳೆಲ್ಲ ಯಾವುದೋ ಒಂದು ಕಾನ್ವೆಕ್ಸ್ ಫಂಕ್ಷನ್‌ನ ಉಪ-ಅವಕಲದೊಳಗೆ ಇರುತ್ತವೆ, ಅಂದರೆ ಅ ಯಲ್ಲಿ ಆ ಫಂಕ್ಷನ್ನನ್ನು ಕೆಳಗಿನಿಂದ ತಾಗುವ ಸಮತಲಗಳ ಇಳಿಜಾರುಗಳಲ್ಲಿ ಬ ಕೂಡ ಒಂದು. ಕಾನ್ವೆಕ್ಸ್ ಫಂಕ್ಷನ್ ತನ್ನ ಪ್ರದೇಶದೊಳಗೆ ಶೂನ್ಯ ಅಳತೆಯ ಗಣವೊಂದನ್ನು ಬಿಟ್ಟು ಎಲ್ಲೆಡೆ ಅವಕಲನೀಯ. ಮ್ಯೂ ಹಂಚಿಕೆಗೆ ಸಾಂದ್ರತೆ ಇರುವುದರಿಂದ ಆ ಶೂನ್ಯ ಗಣದಲ್ಲಿ ದ್ರವ್ಯವಿಲ್ಲ, ಸಾಂದ್ರತೆಯ ಷರತ್ತು ಖರ್ಚಾಗುವುದು ಇಲ್ಲೇ. ಉಳಿದೆಡೆ ಪ್ರತಿ ಅ ಗೂ ಒಂದೇ ಬ: ಆ ಫಂಕ್ಷನ್‌ನ ಗ್ರೇಡಿಯೆಂಟ್. ಏಕೈಕತೆಯೂ ಬಿಟ್ಟಿಯಾಗಿ ಬರುತ್ತದೆ. ಎರಡು ಕನಿಷ್ಠ ಯೋಜನೆಗಳಿದ್ದರೆ ಅವುಗಳ ಸರಾಸರಿಯೂ ಕನಿಷ್ಠ, ಅದೂ ನಕ್ಷೆಯೇ ಆಗಬೇಕು. ಎರಡು ಬೇರೆ ಬೇರೆ ನಕ್ಷೆಗಳ ಸರಾಸರಿ ದ್ರವ್ಯವನ್ನು ಒಡೆಯುತ್ತದೆ, ಹಾಗಾಗಿ ಅವೆರಡೂ ಒಂದೇ.

ದ್ವಂದ್ವ ಸಮಸ್ಯೆಯಲ್ಲಿ ಒಂದು ಎಚ್ಚರಿಕೆ

ದರಗಳ ಇರುವಿಕೆಯನ್ನೂ ಇದೇ ಕ್ರಮದಲ್ಲಿ ಸಾಧಿಸಬಹುದು. ಸ್ಪೇಸ್‌ಗಳು ಕಾಂಪ್ಯಾಕ್ಟ್, ವೆಚ್ಚ ಅವಿಚ್ಛಿನ್ನ ಎಂದಿರಲಿ. ಮೂಲದ ದರಗಳಿಗೆಲ್ಲ 5 ಕೂಡಿಸಿ ಗುರಿಯ ದರಗಳಿಂದೆಲ್ಲ 5 ಕಳೆದರೆ ಒಟ್ಟು ಮೊತ್ತ ಬದಲಾಗದು. ಆದ್ದರಿಂದ ಗರಿಷ್ಠದತ್ತ ಸಾಗುವ ಶ್ರೇಢಿ ಸುಮ್ಮನೆ ಅನಂತಕ್ಕೆ ಓಡಿಹೋಗಬಹುದು. ಮೊದಲು ಒಂದು ಬಿಂದುವಿನ ದರವನ್ನು 0 ಎಂದು ಕಟ್ಟಿಹಾಕಿ. ಆಮೇಲೆ ಒಂದು ಕಡೆಯ ದರವನ್ನು ಇನ್ನೊಂದು ಕಡೆಯದರಿಂದ ‘ವೆಚ್ಚ − ದರ’ದ ಇನ್ಫಿಮಮ್ ಆಗಿ ಮತ್ತೆ ಲೆಕ್ಕ ಹಾಕಿ. ಇದರಿಂದ ಮೊತ್ತ ಇಳಿಯದು, ದರಗಳು ವೆಚ್ಚದಷ್ಟೇ ನಯವಾಗುತ್ತವೆ, ಅರ್ಜೆಲಾ–ಅಸ್ಕೊಲಿ ಪ್ರಮೇಯ ಅನ್ವಯಿಸಿ ಒಮ್ಮುಖವಾಗುವ ಉಪಶ್ರೇಢಿ ಸಿಗುತ್ತದೆ.

ಮೊಂಜ್ ಅವರ ಮೂಲ ಪ್ರಶ್ನೆ ಏಕೆ ಕಷ್ಟ

ವೆಚ್ಚ ದೂರವೇ ಆದಾಗ, ಅದರ ವರ್ಗವಲ್ಲದಿದ್ದಾಗ, ಹಂತ 7 ಕೈಕೊಡುತ್ತದೆ. 0ಯಿಂದ 1ರವರೆಗಿನ ಸಮ ಹಂಚಿಕೆಯನ್ನು 1ರಿಂದ 2ರವರೆಗೆ ಒಯ್ಯಿರಿ. ಅ ಯನ್ನು ಅ + 1ಕ್ಕೆ ಕಳುಹಿಸಿದರೂ ವೆಚ್ಚ 1, 2 − ಅ ಗೆ ಮಗುಚಿದರೂ ವೆಚ್ಚ 1. ಇವೆರಡನ್ನು ಬೆರೆಸಿದ ಯೋಜನೆಯೂ ಕನಿಷ್ಠವೇ, ಆದರೆ ಅದು ನಕ್ಷೆಯಲ್ಲ. ಕನಿಷ್ಠ ಯೋಜನೆಗಳಲ್ಲಿ ನಕ್ಷೆಯೂ ಒಂದಿದೆ ಎಂದು 1979ರಲ್ಲಿ ಸುದಾಕೋವ್ ಕೊಟ್ಟ ಸಾಧನೆಯಲ್ಲಿ ಬಹುಕಾಲದ ನಂತರ ಒಂದು ಬಿರುಕು ಕಂಡಿತು. ಜಾಗವನ್ನು ದ್ರವ್ಯ ಸಾಗುವ ಗೆರೆಗಳಾಗಿ, ಅಂದರೆ ಒಂದನ್ನೊಂದು ಕತ್ತರಿಸದ ರೇಖಾಖಂಡಗಳಾಗಿ ಸೀಳಿದಾಗ ಪ್ರತಿ ಖಂಡದ ಮೇಲೂ ಸಾಂದ್ರತೆ ಉಳಿಯುತ್ತದೆ ಎಂಬುದನ್ನು ಅಲ್ಲಿ ಬಳಸಲಾಗಿತ್ತು. 3 ಆಯಾಮದಲ್ಲಿ ಯಾವುದೋ ಖಂಡಗಳ ಗುಂಪಿಗೆ ಇದು ನಿಜವಲ್ಲ. ಖಂಡಗಳ ದಿಕ್ಕು ಬದಲಾಗುವ ರೀತಿಯ ಮೇಲೆ ನಿಯಂತ್ರಣ ಬೇಕು. ಎವಾನ್ಸ್ ಮತ್ತು ಗ್ಯಾಂಗ್ಬೊ 1999ರಲ್ಲಿ, ಹಂಚಿಕೆಗಳ ಮೇಲೆ ಹೆಚ್ಚುವರಿ ಷರತ್ತುಗಳೊಂದಿಗೆ, ಬೇರೆ ದಾರಿಯಿಂದ ಸಾಧಿಸಿದರು. ಆ ಷರತ್ತುಗಳು ನಂತರದ ಕೆಲವೇ ವರ್ಷಗಳಲ್ಲಿ ಸಡಿಲವಾದವು.

ಇಂದು ಬಳಸುವ ದಾರಿಗಳಲ್ಲೊಂದು ಹಂತ 3ರಿಂದ 6ರವರೆಗಿನದನ್ನೇ ಎರಡನೇ ಸಲ ನಡೆಸುತ್ತದೆ. ಹಂಚಿಕೆಗಳು ಕಾಂಪ್ಯಾಕ್ಟ್ ಗಣಗಳೊಳಗಿರಲಿ. ದೂರದ ವೆಚ್ಚಕ್ಕೆ ಕನಿಷ್ಠವಾದ ಯೋಜನೆಗಳ ಗಣ ಖಾಲಿಯಲ್ಲ, ಹಂತ 5 ಮತ್ತು 6ರ ಕಾರಣದಿಂದ ಮುಚ್ಚಿದ ಗಣ, ಹಾಗಾಗಿ ಕಾಂಪ್ಯಾಕ್ಟ್. ಅದರೊಳಗೆ ದೂರದ ವರ್ಗವನ್ನು ಕನಿಷ್ಠಗೊಳಿಸಿ. ಮೇಲಿನ ಉದಾಹರಣೆಯಲ್ಲಿ ಜರುಗಿಸುವ ನಕ್ಷೆಗೆ 1, ಮಗುಚುವುದಕ್ಕೆ 4/3, ಜರುಗಿಸುವುದೇ ಉಳಿಯುತ್ತದೆ. ಸಾಮಾನ್ಯವಾಗಿ, ಹೀಗೆ ಆರಿಸಿದ ಯೋಜನೆ ಪ್ರತಿ ಸಾಗಣೆಯ ಗೆರೆಯ ಮೇಲೂ ಕ್ರಮ ತಪ್ಪದೆ ಸಾಗುತ್ತದೆ. ಗೆರೆಗಳ ದಿಕ್ಕಿನ ನಿಯಂತ್ರಣವನ್ನು ದ್ವಂದ್ವ ಸಮಸ್ಯೆಯ ದರಗಳಿಂದ ಪಡೆದು, ಗೆರೆ ಗೆರೆಯ ಮೇಲೂ ಸಾಂದ್ರತೆ ಇದೆಯೆಂದು ತೋರಿಸಿದರೆ ಆ ಯೋಜನೆ ನಕ್ಷೆಯೇ ಆಗುತ್ತದೆ.